ಪುಟ್ಟ ಜೆಟ್ ವಿಮಾನಗಳೂ ಅಗ್ಗದ ಪಯಣದ ಭರವಸೆಯೂ



ವಿಮಾನ ಪ್ರಯಾಣವು ಇಂದು ನಮ್ಮ ಕುಟುಂಬಗಳಿಗೆ ಹೊಸತಲ್ಲ. ಮಗನೋ ಮಗಳೋ ಪರದೇಶದಲ್ಲಿ ನೆಲೆಸಿರುವ ಮನೆಗಳು ನಮ್ಮ ಊರೂರುಗಳಲ್ಲಿವೆ. ಅರುವತ್ತು ದಾಟಿದ ತಾಯಂದಿರು ಮಗಳ ಬಾಣಂತನಕ್ಕೆಂದು ಸಮುದ್ರ ದಾಟಿ ಹೋಗಿ ಬರುತ್ತಿದ್ದಾರೆ. ಆದರೆ ಸ್ವಂತ ವಿಮಾನ, ಇಲ್ಲವೇ ತಮ್ಮ ಅನುಕೂಲದ ವೇಳೆಗೆ ಬಾಡಿಗೆಗೆ ಹಿಡಿಯುವ ವಿಮಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ದೊಡ್ಡ ಉದ್ಯಮಿಗಳು, ಚಿತ್ರನಟರು ಮತ್ತು ಚುನಾವಣೆಯ ಕಾಲದ ರಾಜಕೀಯ ಧುರೀಣರು ಮಾತ್ರ. ಅದು ಸಾಮಾನ್ಯ ಗೃಹಸ್ಥನ ಕೈಗೆ ಎಟುಕುವ ವಸ್ತುವಲ್ಲವೆಂಬುದು ಎಲ್ಲರೂ ಒಪ್ಪಿಕೊಂಡ ಸಂಗತಿ. ಈ ಒಪ್ಪಿತ ಸಂಗತಿಯನ್ನೇ ಬದಲಿಸುತ್ತೇವೆಂದು ಹೊರಟ ಒಂದು ದೊಡ್ಡ ಪ್ರಯತ್ನ ಅಮೆರಿಕೆಯಲ್ಲಿ ನಡೆಯಿತು. ಅದು ಎಷ್ಟರ ಮಟ್ಟಿಗೆ ಫಲಿಸಿತು, ಎಲ್ಲಿ ಮುಗ್ಗರಿಸಿತು, ಅದರಿಂದ ನಾವು ತಿಳಿಯಬೇಕಾದುದೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಕನಸಿನ ಬೇರು

ಖಾಸಗಿ ಜೆಟ್ ವಿಮಾನದ ಕಥೆ ಹಳೆಯದು. ೧೯೬೩ರಲ್ಲಿ ಬಿಲ್ ಲಿಯರ್ ಎಂಬ ಉದ್ಯಮಿಯ ‘ಲಿಯರ್‌ಜೆಟ್ ೨೩’ ಮೊದಲ ಸಲ ಹಾರಿತು. ಮರುವರ್ಷವೇ ಅದು ಗ್ರಾಹಕರ ಕೈಸೇರಿತು. ಅಲ್ಲಿಂದ ಮುಂದೆ ಸಿರಿವಂತರ ಹಾಗೂ ದೊಡ್ಡ ಕಂಪನಿಗಳ ವಾಹನವಾಗಿ ಈ ವರ್ಗದ ವಿಮಾನಗಳು ಬೆಳೆದವು. ೧೯೮೬ರಲ್ಲಿ ರಿಚರ್ಡ್ ಸಾಂಟುಲಿ ಎಂಬುವರು ‘ನೆಟ್‌ಜೆಟ್ಸ್’ ಮೂಲಕ ಒಂದು ಹೊಸ ಉಪಾಯ ತಂದರು. ಒಂದು ವಿಮಾನವನ್ನು ಹಲವರು ಪಾಲು ಹಾಕಿ ಕೊಳ್ಳುವುದು, ತಮ್ಮ ಪಾಲಿಗೆ ತಕ್ಕಷ್ಟು ಗಂಟೆ ಬಳಸುವುದು. ನಮ್ಮ ರೈತರು ನಾಲ್ಕಾರು ಮಂದಿ ಕೂಡಿ ಒಂದು ಟ್ರ್ಯಾಕ್ಟರ್ ಕೊಂಡು ಸರದಿಯ ಮೇಲೆ ಉಳುವಂಥ ಪದ್ಧತಿಯಿದು. ಆದರೂ ಪಾಲಿನ ಬೆಲೆಯೇ ಲಕ್ಷಾಂತರ ಡಾಲರು ಇದ್ದುದರಿಂದ ಅದು ಸಿರಿವಂತರ ಅಂಗಳವನ್ನು ದಾಟಿ ಬರಲಿಲ್ಲ.

ಇನ್ನೊಂದು ಕಡೆ ಅಮೆರಿಕೆಯ ಸಾಮಾನ್ಯ ಪ್ರಯಾಣಿಕನಿಗೂ ತೊಂದರೆಯಿತ್ತು. ಆ ದೇಶದಲ್ಲಿ ಸಾರ್ವಜನಿಕರ ಬಳಕೆಗೆ ತೆರೆದಿರುವ ವಿಮಾನ ನಿಲ್ದಾಣಗಳು ಸುಮಾರು ೫,೦೦೦. ಆದರೆ ವೇಳಾಪಟ್ಟಿಯಂತೆ ಹಾರುವ ದೊಡ್ಡ ವಿಮಾನ ಸಂಸ್ಥೆಗಳು ಮುಟ್ಟುವುದು ಅವುಗಳಲ್ಲಿ ಸುಮಾರು ೫೦೦ನ್ನು ಮಾತ್ರ. ಅದರಲ್ಲಿಯೂ ಗಾಡಿಯ ಚಕ್ರದ ಗುಂಬಕ್ಕೆ ಅರೆಗಳು ಬಂದು ಸೇರುವಂತೆ, ಎಲ್ಲ ಮಾರ್ಗಗಳೂ ಕೆಲವೇ ಮಹಾನಗರಗಳ ನಿಲ್ದಾಣಗಳಿಗೆ ಬಂದು ಸೇರುತ್ತವೆ. ಪಕ್ಕದ ಊರಿಗೆ ಹೋಗಬೇಕಾದವನು ದೂರದ ಮಹಾನಗರಕ್ಕೆ ಹೋಗಿ, ಅಲ್ಲಿ ಇಳಿದು, ಮತ್ತೊಂದು ವಿಮಾನ ಹಿಡಿದು, ಅರ್ಧ ದಿನ ಕಳೆದು ತಲುಪಬೇಕು. ಉಳಿದ ಸಾವಿರಾರು ಸಣ್ಣ ನಿಲ್ದಾಣಗಳು ಬಹುಪಾಲು ಬರಿದಾಗಿಯೇ ಇರುತ್ತವೆ.

ಈ ಬರಿದಾದ ನಿಲ್ದಾಣಗಳನ್ನು ಬಳಸಿ ಊರಿಂದ ಊರಿಗೆ ನೇರವಾಗಿ ಹಾರುವ ಸಣ್ಣ ವಿಮಾನಗಳ ವ್ಯವಸ್ಥೆಯೊಂದನ್ನು ಕಟ್ಟಬಾರದೇಕೆ ಎಂದು ಅಮೆರಿಕೆಯ ಬಾಹ್ಯಾಕಾಶ ಸಂಸ್ಥೆ ನಾಸಾ ೧೯೯೦ರ ದಶಕದಲ್ಲಿ ಯೋಚಿಸಿತು. ೧೯೯೪ರಲ್ಲಿ ಸಣ್ಣ ವಿಮಾನಗಳ ಪುನರುಜ್ಜೀವನಕ್ಕಾಗಿ ಒಂದು ಯೋಜನೆಯನ್ನೂ, ೨೦೦೧ರಲ್ಲಿ ‘ಸಣ್ಣ ವಿಮಾನ ಸಾರಿಗೆ ವ್ಯವಸ್ಥೆ’ ಎಂಬ ಮತ್ತೊಂದು ಯೋಜನೆಯನ್ನೂ ಅದು ಕೈಗೊಂಡಿತು. ಗೋಪುರದ ನಿಯಂತ್ರಣವಿಲ್ಲದ ಸಣ್ಣ ನಿಲ್ದಾಣದಲ್ಲಿಯೂ ಮೋಡ ಮುಸುಕಿದ ವೇಳೆಯಲ್ಲಿ ಒಂದಕ್ಕಿಂತ ಹೆಚ್ಚು ವಿಮಾನಗಳು ಸುರಕ್ಷಿತವಾಗಿ ಬಂದಿಳಿಯಲು ಬೇಕಾದ ತಂತ್ರಜ್ಞಾನವನ್ನು ೨೦೦೫ರ ಜೂನ್ ತಿಂಗಳಲ್ಲಿ ವರ್ಜೀನಿಯಾದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಸಾರ್ವಜನಿಕವಾಗಿ ತೋರಿಸಲಾಯಿತು.

ಕ್ಷಿಪಣಿಯ ಎಂಜಿನ್ನಿನಿಂದ ಪ್ರಯಾಣಿಕರ ವಿಮಾನಕ್ಕೆ

ಜೆಟ್ ವಿಮಾನವನ್ನು ಚಿಕ್ಕದಾಗಿಸಲು ಇದ್ದ ಮುಖ್ಯ ಅಡ್ಡಿ ಎಂಜಿನ್. ಜೆಟ್ ಎಂಜಿನ್ನನ್ನು ಚಿಕ್ಕದು ಮಾಡಿದಷ್ಟೂ ಅದರ ದಕ್ಷತೆ ಕುಗ್ಗುತ್ತದೆ. ಆದರೆ ಅದನ್ನು ತಯಾರಿಸುವ ಸೂಕ್ಷ್ಮ ಕೆಲಸವೂ ವೆಚ್ಚವೂ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಈ ಕ್ಷೇತ್ರದಲ್ಲಿ ಪಳಗಿದವರು ಸ್ಯಾಮ್ ವಿಲಿಯಮ್ಸ್. ಅವರ ಸಂಸ್ಥೆಯ ಪುಟ್ಟ ಎಂಜಿನ್‌ಗಳು ಮೊದಲು ಟೊಮಾಹಾಕ್ ಕ್ಷಿಪಣಿಯನ್ನು ನೂಕಲು ಬಳಕೆಯಾಗಿದ್ದವು. ಸಂಹಾರಕ್ಕಾಗಿ ಹುಟ್ಟಿದ ಯಂತ್ರವು ಸಂಚಾರಕ್ಕೆ ಒದಗಿಬಂದುದು ಕಾಲದ ಒಂದು ವೈಚಿತ್ರ್ಯವೇ ಸರಿ. ನಾಸಾದ ನೆರವಿನಿಂದ ವಿಲಿಯಮ್ಸ್ ಸಂಸ್ಥೆ ಹೊಸ ಮಾದರಿಯ ಹಗುರ ಎಂಜಿನ್ ಒಂದನ್ನು ರೂಪಿಸಹೊರಟಿತು. ಅದನ್ನು ತೋರಿಸುವುದಕ್ಕೆಂದು ಕಟ್ಟಿದ ಸಣ್ಣ ಜೆಟ್ ೧೯೯೭ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಆಷ್‌ಕಾಷ್ ಎಂಬಲ್ಲಿ ನಡೆಯುವ ಪ್ರಸಿದ್ಧ ವಿಮಾನ ಮೇಳದಲ್ಲಿ ಕಾಣಿಸಿಕೊಂಡಿತು.

ಇದನ್ನು ಕಂಡು ಉತ್ಸಾಹಗೊಂಡವರಲ್ಲಿ ಹಿಂದೆ ಮೈಕ್ರೋಸಾಫ್ಟ್ ಸಂಸ್ಥೆಯಲ್ಲಿ ದುಡಿದಿದ್ದ ವರ್ನ್ ರೇಬರ್ನ್ ಒಬ್ಬರು. ೧೯೯೮ರಲ್ಲಿ ಅವರು ‘ಎಕ್ಲಿಪ್ಸ್ ಏವಿಯೇಷನ್’ ಸಂಸ್ಥೆಯನ್ನು ಸ್ಥಾಪಿಸಿದರು. ನ್ಯೂಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ಅದರ ನೆಲೆಯಾಯಿತು. ಅವರ ವಾದ ಸರಳವಾಗಿತ್ತು. ಗಣಕಯಂತ್ರಗಳು ಅಗ್ಗವಾದುದು ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾದುದರಿಂದ. ವಿಮಾನಗಳನ್ನು ಮಾತ್ರ ವರ್ಷಕ್ಕೆ ಕೆಲವೇ ಹತ್ತುಗಳಲ್ಲಿ, ಕೈಕೆಲಸದಂತೆ ಕಟ್ಟುತ್ತಾರೆ. ವರ್ಷಕ್ಕೆ ನೂರಾರು ವಿಮಾನಗಳನ್ನು ಕಾರುಗಳಂತೆ ಸಾಲಾಗಿ ತಯಾರಿಸಿದರೆ ಬೆಲೆ ತಾನಾಗಿ ಇಳಿಯುತ್ತದೆ.

ಆ ಪ್ರಕಾರ ೨೦೦೦ದಲ್ಲಿ ‘ಎಕ್ಲಿಪ್ಸ್ ೫೦೦’ ಎಂಬ ಆರು ಆಸನಗಳ, ಎರಡು ಎಂಜಿನ್ನುಗಳ ಜೆಟ್ಟಿಗೆ ೮,೩೭,೫೦೦ ಡಾಲರುಗಳ ಬೆಲೆ ಸಾರಲಾಯಿತು. ಆಗಿನ ಅತಿ ಅಗ್ಗದ ಹೊಸ ಜೆಟ್ಟಿನ ಬೆಲೆಗೆ ಹೋಲಿಸಿದರೆ ಇದು ಬಹಳ ಕಡಿಮೆ. ತೂಕ ತುಂಬಿದಾಗಲೂ ಅದು ೩ ಟನ್ನಿನೊಳಗೆ ಇರುವಂಥದು; ೪೧,೦೦೦ ಅಡಿ ಎತ್ತರದಲ್ಲಿ ಗಂಟೆಗೆ ೬೮೦ ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹಾರಬಲ್ಲಂಥದು. ಅಲ್ಯೂಮಿನಿಯಂ ಹಾಳೆಗಳನ್ನು ಸಾವಿರಾರು ರಿವೆಟ್ಟುಗಳಿಂದ ಜೋಡಿಸುವುದಕ್ಕೆ ಬದಲಾಗಿ, ತಿರುಗುವ ಉಪಕರಣದ ಘರ್ಷಣೆಯಿಂದ ಲೋಹವನ್ನು ಮೆದುವಾಗಿಸಿ ಬೆಸೆಯುವ ವಿಧಾನವನ್ನು ಅದರಲ್ಲಿ ಬಳಸಲಾಯಿತು. ಈ ವಿಧಾನ ೧೯೯೧ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದುದು. ಇದರಿಂದ ಕಟ್ಟುವ ಸಮಯವೂ ಉಳಿಯಿತು, ಜೋಡಣೆಯೂ ಗಟ್ಟಿಯಾಯಿತು.

ಆದರೆ ಹಾದಿ ಸುಗಮವಾಗಿರಲಿಲ್ಲ. ೨೦೦೨ರ ಆಗಸ್ಟಿನಲ್ಲಿ ಮೊದಲ ಹಾರಾಟ ನಡೆದ ಮೇಲೆ, ೪೦ ಕಿಲೋಗಿಂತಲೂ ಕಡಿಮೆ ತೂಕದ ಆ ಪುಟ್ಟ ಎಂಜಿನ್ ಸಾಲದೆಂಬುದು ಖಚಿತವಾಯಿತು. ಸಂಸ್ಥೆ ಅದನ್ನು ಕೈಬಿಟ್ಟು ಪ್ರಾಟ್ ಅಂಡ್ ವಿಟ್ನಿ ಕೆನಡಾದ ಹೆಚ್ಚು ಬಲದ ಎಂಜಿನ್ನಿಗೆ ಬದಲಾಯಿತು. ಎಂಜಿನ್ ಬದಲಾದರೆ ಬಹುಮಟ್ಟಿಗೆ ವಿಮಾನವೇ ಬದಲಾದಂತೆ. ವರ್ಷಗಳು ಕಳೆದವು, ವೆಚ್ಚ ಏರಿತು, ಬೆಲೆಯೂ ಏರಿತು. ಕೊನೆಗೆ ೨೦೦೬ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ವಿಮಾನಯಾನ ಆಡಳಿತದ ಪೂರ್ಣ ಪ್ರಮಾಣಪತ್ರ ದೊರೆಯಿತು. ಅದೇ ತಿಂಗಳಲ್ಲಿ ಹಳೆಯ ಸಂಸ್ಥೆಯಾದ ಸೆಸ್ನಾದ ‘ಸೈಟೇಷನ್ ಮಸ್ಟಾಂಗ್’ ಎಂಬ ಸಣ್ಣ ಜೆಟ್ ಸಹ ಪ್ರಮಾಣಪತ್ರ ಪಡೆಯಿತು. ಅದರ ಬೆಲೆ ೨೪ ಲಕ್ಷ ಡಾಲರಿನ ಆಸುಪಾಸಿನಲ್ಲಿತ್ತು. ‘ಅತಿ ಹಗುರ ಜೆಟ್’ ಎಂಬ ಹೊಸ ವರ್ಗವೊಂದು ಹುಟ್ಟಿತೆಂದು ಪತ್ರಿಕೆಗಳು ಬರೆದವು.

ಆಕಾಶದ ಟ್ಯಾಕ್ಸಿ

ವಿಮಾನವು ಅಗ್ಗವಾದೊಡನೆ ಪ್ರಯಾಣವೂ ಅಗ್ಗವಾಗುವುದೆಂಬುದು ಎರಡನೆಯ ಭರವಸೆ. ಇದನ್ನು ಕಾರ್ಯರೂಪಕ್ಕೆ ತಂದವರು ಸಿಟ್ರಿಕ್ಸ್ ಎಂಬ ಗಣಕ ತಂತ್ರಾಂಶ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಎಡ್ ಯಾಕೊಬುಚಿ. ಫ್ಲಾರಿಡಾ ರಾಜ್ಯದಲ್ಲಿ ಅವರು ‘ಡೇಜೆಟ್’ ಎಂಬ ಸಂಸ್ಥೆ ಕಟ್ಟಿ, ೨೦೦೭ರ ಅಕ್ಟೋಬರಿನಲ್ಲಿ ಬೋಕಾ ರಟೋನ್, ಗೇನ್ಸ್‌ವಿಲ್, ಲೇಕ್‌ಲ್ಯಾಂಡ್, ಪೆನ್ಸಕೋಲಾ, ಟಲ್ಲಹಸ್ಸಿ ಎಂಬ ಐದು ಊರುಗಳ ನಡುವೆ ಸೇವೆ ಆರಂಭಿಸಿದರು. ನಾಸಾದ ಸಣ್ಣ ವಿಮಾನ ಯೋಜನೆಗಳನ್ನು ಮುನ್ನಡೆಸಿದ್ದ ಬ್ರೂಸ್ ಹೋಮ್ಸ್ ಕೂಡ ಈ ಸಂಸ್ಥೆಯನ್ನು ಸೇರಿದರು.

ಡೇಜೆಟ್ಟಿನ ಪದ್ಧತಿ ಜಾಣತನದ್ದು. ಇಡೀ ವಿಮಾನವನ್ನು ಬಾಡಿಗೆಗೆ ಹಿಡಿಯಬೇಕಿಲ್ಲ, ಒಂದು ಆಸನ ಕೊಂಡರೆ ಸಾಕು. ವೇಳಾಪಟ್ಟಿಯೂ ಇಲ್ಲ. ಪ್ರಯಾಣಿಕನು ತಾನು ಎಷ್ಟು ಹೊತ್ತಿನ ನಂತರ ಹೊರಡಬಲ್ಲೆ, ಎಷ್ಟು ಹೊತ್ತಿನೊಳಗೆ ತಲುಪಬೇಕು ಎಂದು ತಿಳಿಸಬೇಕು. ಆ ಅವಧಿ ವಿಶಾಲವಾಗಿದ್ದಷ್ಟೂ ದರ ಕಡಿಮೆ, ಕಿರಿದಾಗಿದ್ದಷ್ಟೂ ದರ ಹೆಚ್ಚು. ಗಣಕಯಂತ್ರವು ಎಲ್ಲರ ಬೇಡಿಕೆಗಳನ್ನೂ ಹೊಂದಿಸಿ, ಯಾರನ್ನು ಯಾರೊಡನೆ ಕೂರಿಸಬೇಕು, ಯಾವ ವಿಮಾನ ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುತ್ತಿತ್ತು. ನಮ್ಮ ಉತ್ತರ ಕರ್ನಾಟಕದ ಟಂಟಂ ಚಾಲಕನು ಆಳು ತುಂಬಿದ ಮೇಲೆಯೇ ಹೊರಡುವ ಲೆಕ್ಕವನ್ನೇ ಅದು ಆಕಾಶದಲ್ಲಿ, ಗಣಿತದ ಬಲದಿಂದ ಮಾಡಲು ಯತ್ನಿಸಿತೆನ್ನಬಹುದು.

ಈ ಲೆಕ್ಕದ ತೊಡಕು ಎಲ್ಲಿದೆಯೆಂಬುದನ್ನು ನಾವು ಸ್ಪಷ್ಟವಾಗಿ ತಿಳಿಯಬೇಕು. ಶರಣ ಮೇಳಕ್ಕೆಂದು ಕೂಡಲಸಂಗಮಕ್ಕೆ ಜೀಪು ಹಿಡಿದವರಿಗೆಲ್ಲ ಗೊತ್ತಿದೆ, ಚಾಲಕನು ಬಾಡಿಗೆ ಕೇಳುವುದು ಹೋಗುವುದಕ್ಕೂ ಬರುವುದಕ್ಕೂ ಸೇರಿಸಿ. ಖಾಲಿ ಹಿಂದಿರುಗಿದರೂ ಡೀಸೆಲ್ ಉರಿಯುತ್ತದೆ. ವಿಮಾನದ ವಿಷಯದಲ್ಲಿಯೂ ಹಾಗೆಯೇ. ಒಂದು ಹಾರಾಟಕ್ಕೆ ೯೦ ರೂಪಾಯಿ ವೆಚ್ಚವೆಂದು ಕೇವಲ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮೂರು ಮಂದಿ ಕುಳಿತು, ಹಿಂದಿರುಗುವಾಗಲೂ ಮೂವರು ಸಿಕ್ಕರೆ ತಲೆಗೆ ೩೦ ರೂಪಾಯಿ. ಹಿಂದಿರುಗುವಾಗ ಯಾರೂ ಸಿಗದಿದ್ದರೆ ತಲೆಗೆ ೬೦. ಹೋಗುವಾಗಲೂ ಒಬ್ಬನೇ ಇದ್ದರೆ ಅವನೊಬ್ಬನ ಮೇಲೆ ೧೮೦. ಅದೇ ವಿಮಾನ, ಅದೇ ದಾರಿ. ಆದರೂ ವೆಚ್ಚದಲ್ಲಿ ಆರು ಪಟ್ಟು ವ್ಯತ್ಯಾಸ. ೧೮೦ ಆಸನಗಳ ದೊಡ್ಡ ವಿಮಾನದಲ್ಲಿ ಹತ್ತು ಆಸನ ಖಾಲಿಯಿದ್ದರೆ ಅಷ್ಟಾಗಿ ಬಾಧೆಯಿಲ್ಲ. ಮೂರು ಆಸನಗಳ ವಿಮಾನದಲ್ಲಿ ಒಂದು ಖಾಲಿಯಿದ್ದರೆ ಆದಾಯದ ಮೂರನೆಯ ಒಂದು ಪಾಲೇ ಹೋಯಿತು. ಡೇಜೆಟ್ಟಿನಲ್ಲಿ ಇಬ್ಬರು ಪೈಲಟ್‌ಗಳು ಕೊಂಡೊಯ್ಯುತ್ತಿದ್ದುದು ಮೂವರು ಪ್ರಯಾಣಿಕರನ್ನು ಎಂಬುದನ್ನು ನೆನೆದರೆ, ವಿಮಾನದ ಬೆಲೆ ಎಷ್ಟೇ ಇಳಿದರೂ ಸಂಬಳದ ಭಾರ ಇಳಿಯದೆಂಬುದು ಅರಿವಾಗುತ್ತದೆ.

ಇದರಿಂದ ಪಾರಾಗಲು ಇದ್ದ ಮಾರ್ಗ ಒಂದೇ. ವಿಮಾನಗಳ ಸಂಖ್ಯೆ ಮತ್ತು ಊರುಗಳ ಸಂಖ್ಯೆ ಬಹಳ ಹೆಚ್ಚಬೇಕು. ಆಗ ಎಲ್ಲಿ ಇಳಿದರೂ ಅಲ್ಲಿಂದ ಹೊರಡುವ ಗಿರಾಕಿ ಸಿಗುತ್ತಾನೆ. ಹೆಚ್ಚು ವಿಮಾನ ಕೊಳ್ಳಲು ಬಂಡವಾಳ ಬೇಕು. ಆದರೆ ೨೦೦೮ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಪೀಪಾಯಿಗೆ ೧೪೭ ಡಾಲರು ಮುಟ್ಟಿತ್ತು. ಸೆಪ್ಟೆಂಬರ್ ೧೫ರಂದು ಲೆಹ್ಮನ್ ಬ್ರದರ್ಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ದಿವಾಳಿಯಾಯಿತು. ಸಾಲ ಕೊಡುವವರ ಕೈಗಳೆಲ್ಲ ಮುಚ್ಚಿಕೊಂಡವು. ಅದೇ ವಾರ, ಸೆಪ್ಟೆಂಬರ್ ೧೯ರಂದು, ೨೮ ಎಕ್ಲಿಪ್ಸ್ ಜೆಟ್ಟುಗಳನ್ನು ಹೊಂದಿದ್ದ ಡೇಜೆಟ್ ತನ್ನ ಸೇವೆಯನ್ನು ನಿಲ್ಲಿಸಿತು. ಒಂದು ವರ್ಷವೂ ತುಂಬಿರಲಿಲ್ಲ. ಹೆಸರಾಂತ ವಿಮಾನ ಉದ್ಯಮಿಗಳಾದ ಡೊನಾಲ್ಡ್ ಬರ್ ಮತ್ತು ರಾಬರ್ಟ್ ಕ್ರ್ಯಾಂಡಲ್ ಯೋಜಿಸಿದ್ದ ‘ಪೋಗೊ’ ಎಂಬ ಇಂಥದೇ ಸೇವೆಯಂತೂ ಆರಂಭವನ್ನೇ ಕಾಣಲಿಲ್ಲ.

ಮುಂಗಡ ಕೊಟ್ಟವರ ಪಾಡು

ಡೇಜೆಟ್ ಬಿದ್ದುದರಿಂದ ಎಕ್ಲಿಪ್ಸ್ ಸಂಸ್ಥೆಯ ಅಡಿಪಾಯವೇ ಕುಸಿಯಿತು. ೨,೫೦೦ಕ್ಕೂ ಹೆಚ್ಚು ಬೇಡಿಕೆಗಳಿವೆಯೆಂದು ಅದು ಹೇಳಿಕೊಂಡಿತ್ತು. ಅವುಗಳಲ್ಲಿ ದೊಡ್ಡ ಪಾಲು ಈ ಒಂದೇ ಗಿರಾಕಿಯದು. ಅಗ್ಗದ ಬೆಲೆ ನಿಂತಿದ್ದುದು ಸಾವಿರಾರು ವಿಮಾನ ಮಾರಾಟವಾಗುವುದೆಂಬ ನಂಬಿಕೆಯ ಮೇಲೆ. ಸಾವಿರಾರು ವಿಮಾನ ಮಾರಾಟವಾಗುವುದೆಂಬ ನಂಬಿಕೆ ನಿಂತಿದ್ದುದು ಅಗ್ಗದ ಬೆಲೆಯ ಮೇಲೆ. ಒಂದು ಸಡಿಲಿದೊಡನೆ ಇನ್ನೊಂದೂ ಉರುಳಿತು. ೨೦೦೮ರ ಹೊತ್ತಿಗೆ ಬೆಲೆ ೨೧.೫ ಲಕ್ಷ ಡಾಲರಿಗೆ ಏರಿತ್ತು, ಎಂದರೆ ಮೊದಲು ಸಾರಿದುದರ ಎರಡೂವರೆ ಪಟ್ಟು.

ಆತುರದ ಫಲಗಳೂ ಕಾಣತೊಡಗಿದ್ದವು. ಮೊದಮೊದಲ ವಿಮಾನಗಳನ್ನು, ಕೆಲವು ಉಪಕರಣಗಳು ಇನ್ನೂ ಪೂರ್ಣಗೊಳ್ಳದಿರುವಾಗಲೇ ಗ್ರಾಹಕರಿಗೆ ಒಪ್ಪಿಸಲಾಗಿತ್ತು. ೨೦೦೮ರ ಜೂನ್ ೫ರಂದು ಶಿಕಾಗೊದ ಮಿಡ್‌ವೇ ನಿಲ್ದಾಣದಲ್ಲಿ ಇಳಿಯುತ್ತಿದ್ದ ಒಂದು ಎಕ್ಲಿಪ್ಸ್‌ನ ಎರಡೂ ಎಂಜಿನ್ನುಗಳು ಪೂರ್ಣ ಶಕ್ತಿಯಲ್ಲಿಯೇ ಸಿಕ್ಕಿಹಾಕಿಕೊಂಡವು. ಒಂದು ಎಂಜಿನ್ನನ್ನು ನಿಲ್ಲಿಸಿ ಪೈಲಟ್‌ಗಳು ವಿಮಾನವನ್ನು ಇಳಿಸಿದರು. ಗಾಲಿಗಳು ಒಡೆದರೂ ಯಾರಿಗೂ ಗಾಯವಾಗಲಿಲ್ಲ. ಆ ಕೂಡಲೇ ಎಲ್ಲ ಎಕ್ಲಿಪ್ಸ್ ವಿಮಾನಗಳ ತಪಾಸಣೆಗೆ ಆದೇಶ ಹೊರಟಿತು.

೨೦೦೮ರ ನವೆಂಬರಿನಲ್ಲಿ ಸಂಸ್ಥೆ ದಿವಾಳಿ ನ್ಯಾಯಾಲಯದ ಮೊರೆಹೋಯಿತು. ಮರುವರ್ಷದ ಆರಂಭದಲ್ಲಿ ಅದರ ಆಸ್ತಿಯನ್ನು ಮಾರಿ ಮುಚ್ಚುವ ಕ್ರಮ ಆರಂಭವಾಯಿತು. ತಯಾರಾಗಿದ್ದುದು ಸುಮಾರು ೨೬೦ ವಿಮಾನಗಳು ಮಾತ್ರ. ಒಪ್ಪಂದದಂತೆ, ವಿಮಾನ ಕೈಸೇರುವ ಆರು ತಿಂಗಳು ಮೊದಲೇ ಬೆಲೆಯ ನೂರಕ್ಕೆ ೬೦ರಷ್ಟನ್ನು ಗ್ರಾಹಕರು ಕೊಡಬೇಕಿತ್ತು. ಹಾಗೆ ಕೊಟ್ಟು ಕಾದಿದ್ದವರು, ಯಾವ ಭದ್ರತೆಯೂ ಇಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಯಿತು. ಅಡವು ಹಿಡಿದು ಸಾಲ ಕೊಟ್ಟವರ ಬಾಕಿ ತೀರಿದ ಮೇಲೆ ಉಳಿದರೆ ಇವರಿಗೆ ಎಂಬುದು ದಿವಾಳಿ ಕಾನೂನಿನ ಕ್ರಮ. ಅವರು ಉಳ್ಳವರೇ ಆಗಿದ್ದಿರಬಹುದು. ಆದರೆ ಬಿದ್ದ ಸಂಸ್ಥೆಯ ದುಡಿಮೆಗಾರರು ಉಳ್ಳವರಲ್ಲ. ಆಲ್ಬುಕರ್ಕಿಯ ನೂರಾರು ಮನೆಗಳ ಅನ್ನದ ದಾರಿ ಒಮ್ಮೆಗೇ ಮುಚ್ಚಿತು.

ಇಲ್ಲಿ ನಮ್ಮ ಗೃಹಸ್ಥರಿಗೆ ಒಂದು ಪಾಠವಿದೆ. ವಿಮಾನಕ್ಕೆ ಮುಂಗಡ ಕೊಡುವ ಪ್ರಸಂಗ ನಮಗೆ ಬರಲಾರದು. ಆದರೆ ಇನ್ನೂ ಕಟ್ಟದ ಮನೆಗೆ, ಇನ್ನೂ ವಿಂಗಡಿಸದ ನಿವೇಶನಕ್ಕೆ ಮುಂಗಡ ಕೊಡುವ ಪ್ರಸಂಗ ಪ್ರತಿ ಮನೆಗೂ ಬರುತ್ತದೆ. ಬೆಲೆ ಅತಿ ಅಗ್ಗವೆನಿಸಿದಾಗ, ಅದು ಯಾವ ಆಧಾರದ ಮೇಲೆ ಅಗ್ಗವಾಗಿದೆಯೆಂದು ಕೇಳಬೇಕು. ಇನ್ನೂ ನೂರು ಮಂದಿ ಕೊಂಡರೆ ಮಾತ್ರ ಆ ಬೆಲೆ ಸಾಧ್ಯವೆಂದಾದರೆ, ಆ ನೂರು ಮಂದಿ ಬಾರದಿರುವ ಅಪಾಯವನ್ನು ಹೊರುವವನು ಮುಂಗಡ ಕೊಟ್ಟವನೇ. ನಮ್ಮ ದೇಶದಲ್ಲಿ ೨೦೧೬ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಕೊಳ್ಳುವವರಿಂದ ಪಡೆದ ಹಣದ ನೂರಕ್ಕೆ ೭೦ ಭಾಗವನ್ನು ಆ ಕಟ್ಟಡಕ್ಕೇ ಮೀಸಲಾದ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂದು ವಿಧಿಸಿದೆ. ಬರಹದಲ್ಲಿ ಮಾರಾಟದ ಕರಾರು ನೋಂದಣಿಯಾಗುವ ಮೊದಲು ನೂರಕ್ಕೆ ೧೦ಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದೆಂದೂ ಹೇಳಿದೆ. ನಿವೃತ್ತಿಯ ಹಣವನ್ನು ಕೈಯಿಂದ ಬಿಡುವ ಮುನ್ನ ಹಿರಿಯರು ಈ ಎರಡು ಮಾತುಗಳನ್ನು ಮರೆಯದಿರಲಿ.

ಉಳಿದುದು, ಬೆಳೆದುದು

ಹಾಗಾದರೆ ಆ ಪ್ರಯತ್ನವೆಲ್ಲ ವ್ಯರ್ಥವೇ? ಹಾಗೆನ್ನಲಾಗದು. ಭರವಸೆ ಬಿದ್ದರೂ ತಂತ್ರಜ್ಞಾನ ಉಳಿಯಿತು. ಸೆಸ್ನಾ ಸಂಸ್ಥೆ ೨೦೧೭ರವರೆಗೆ ೪೭೦ಕ್ಕೂ ಹೆಚ್ಚು ಮಸ್ಟಾಂಗ್‌ಗಳನ್ನು ತಯಾರಿಸಿತು. ಆಸ್ಟ್ರಿಯಾದ ‘ಗ್ಲೋಬ್‌ಏರ್’ ಅದೇ ವಿಮಾನವನ್ನು ಇಟ್ಟುಕೊಂಡು ಯೂರೋಪಿನಲ್ಲಿ ಬಾಡಿಗೆ ಸೇವೆಯನ್ನು ಬೆಳೆಸಿತು. ಬ್ರೆಜಿಲ್ಲಿನ ಎಂಬ್ರೇಯರ್ ಸಂಸ್ಥೆಯ ‘ಫೀನಮ್ ೧೦೦’ ೨೦೦೮ರಲ್ಲಿ ಪ್ರಮಾಣಪತ್ರ ಪಡೆಯಿತು. ಕಾರು ತಯಾರಿಕೆಗೆ ಹೆಸರಾದ ಹೋಂಡಾ ಸಂಸ್ಥೆಯಲ್ಲಿ ಮಿಚಿಮಾಸಾ ಫುಜಿನೊ ಎಂಬ ಎಂಜಿನಿಯರರು ಎಂಜಿನ್ನುಗಳನ್ನು ರೆಕ್ಕೆಯ ಮೇಲೆ ಕಂಬದಂತೆ ನಿಲ್ಲಿಸುವ ಹೊಸ ವಿನ್ಯಾಸ ರೂಪಿಸಿದರು. ೨೦೦೩ರಲ್ಲಿ ಮೊದಲು ಹಾರಿದ ಆ ‘ಹೋಂಡಾಜೆಟ್’ ಹನ್ನೆರಡು ವರ್ಷಗಳ ತಾಳ್ಮೆಯ ಬಳಿಕ ೨೦೧೫ರಲ್ಲಿ ಪ್ರಮಾಣಪತ್ರ ಗಳಿಸಿತು. ಆದರೆ ಅದರ ಬೆಲೆ ೪೫ ಲಕ್ಷ ಡಾಲರಿನ ಸಮೀಪವಿತ್ತು.

ಅಗ್ಗದ ಕನಸಿಗೆ ಹೆಚ್ಚು ಹತ್ತಿರ ಬಂದುದು ಸಿರಸ್ ಸಂಸ್ಥೆಯ ‘ವಿಷನ್ ಜೆಟ್’. ೨೦೧೬ರ ಅಕ್ಟೋಬರಿನಲ್ಲಿ ಪ್ರಮಾಣಪತ್ರ ಪಡೆದ ಇದಕ್ಕೆ ಒಂದೇ ಎಂಜಿನ್, ಅದೂ ಬೆನ್ನ ಮೇಲೆ. ಅದನ್ನು ತಯಾರಿಸಿದುದು ಹಿಂದೆ ಹೇಳಿದ ವಿಲಿಯಮ್ಸ್ ಸಂಸ್ಥೆಯೇ. ಆಗ ಬೆಲೆ ೨೦ ಲಕ್ಷ ಡಾಲರಿನೊಳಗಿತ್ತು. ಈಗ ಅದು ೩೦ ಲಕ್ಷವನ್ನು ದಾಟಿದೆ. ಅಪಾಯ ಬಂದಾಗ ಇಡೀ ವಿಮಾನವನ್ನೇ ಮೆಲ್ಲಗೆ ಇಳಿಸುವ ದೊಡ್ಡ ಪ್ಯಾರಾಚೂಟ್ ಅದರಲ್ಲಿದೆ. ೨೦೨೨ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾದಲ್ಲಿ ಅದನ್ನು ಬಿಚ್ಚಿ ಇಳಿದ ಮೂವರು ಬದುಕಿ ಉಳಿದರು. ಪೈಲಟ್‌ಗೆ ಹಾರಾಟದ ನಡುವೆ ಪ್ರಜ್ಞೆ ತಪ್ಪಿದರೆ, ಪ್ರಯಾಣಿಕನು ಒಂದು ಗುಂಡಿ ಒತ್ತಿದೊಡನೆ ವಿಮಾನವು ತಾನೇ ಹತ್ತಿರದ ನಿಲ್ದಾಣ ಹುಡುಕಿ ಇಳಿಯುವ ವ್ಯವಸ್ಥೆಗೆ ೨೦೨೦ರಲ್ಲಿ ಅನುಮೋದನೆ ದೊರೆಯಿತು. ಸಣ್ಣ ವಿಮಾನಗಳು ತಂದ ನಿಜವಾದ ಲಾಭ ಈ ಸುರಕ್ಷತೆಯೆಂದರೆ ತಪ್ಪಾಗಲಾರದು.

ಒಂದು ಮಾತು ಮಾತ್ರ ಸ್ಪಷ್ಟ. ಸ್ವಂತ ಜೆಟ್ಟಿನ ಬೆಲೆ ಇಳಿಯಿತು. ಕೋಟ್ಯಧೀಶರಿಗೆ ಮಾತ್ರ ಎಟುಕುತ್ತಿದ್ದುದು ಅನುಕೂಲಸ್ಥ ಉದ್ಯಮಿಗೂ ವೈದ್ಯನಿಗೂ ಎಟುಕುವಂತಾಯಿತು. ಆದರೆ ಸಾಮಾನ್ಯ ಕುಟುಂಬದ ತನಕ ಅದು ಇಳಿದು ಬರಲಿಲ್ಲ. ಅಮೆರಿಕೆಯಲ್ಲಿಯೇ ಇಂದು ಖಾಸಗಿ ವಿಮಾನದ ಅನುಕೂಲವನ್ನು ಸಾಧಾರಣ ದರಕ್ಕೆ ಕೊಡುತ್ತಿರುವ ‘ಜೆಎಸ್‌ಎಕ್ಸ್’ ಎಂಬ ಸಂಸ್ಥೆ ಬಳಸುತ್ತಿರುವುದು ಆರು ಆಸನಗಳ ಪುಟ್ಟ ಜೆಟ್ಟುಗಳನ್ನಲ್ಲ, ೩೦ ಆಸನಗಳ ಮಧ್ಯಮ ಗಾತ್ರದ ಜೆಟ್ಟುಗಳನ್ನು. ಹಂಚಿಕೊಳ್ಳುವವರು ಹೆಚ್ಚಿದಷ್ಟೂ ಹೊರೆ ಹಗುರ ಎಂಬ ಹಳೆಯ ಲೆಕ್ಕವೇ ಕೊನೆಗೆ ಗೆದ್ದಿತು.

ನಮ್ಮ ನಾಡಿನ ಅನುಭವ

ಈ ಲೆಕ್ಕವನ್ನು ಕರ್ನಾಟಕವು ಬೇಗನೇ ಅರಿತಿತ್ತು. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಮೊದಲು ಹೆಲಿಕಾಪ್ಟರುಗಳ ಬಾಡಿಗೆ ಸಂಸ್ಥೆ ನಡೆಸುತ್ತಿದ್ದರು. ಉಳ್ಳವರಿಗೆ ಬಾಡಿಗೆ ವಿಮಾನ ಒದಗಿಸುವ ದಾರಿಯಲ್ಲಿಯೇ ಅವರು ನಿಲ್ಲಬಹುದಿತ್ತು. ಆದರೆ ೨೦೦೩ರಲ್ಲಿ ಅವರು ‘ಏರ್ ಡೆಕ್ಕನ್’ ಆರಂಭಿಸಿ, ರೆಕ್ಕೆಯಲ್ಲಿ ಪಂಖದ ಎಂಜಿನ್ನುಳ್ಳ ಎಟಿಆರ್ ವಿಮಾನಗಳನ್ನು ಹುಬ್ಬಳ್ಳಿಯಂಥ ಊರುಗಳಿಗೆ ಹಾರಿಸಿದರು. ಜೆಟ್ಟಿನಷ್ಟು ವೇಗವಿಲ್ಲ, ಆದರೆ ಸಣ್ಣ ದೂರಕ್ಕೆ ಇಂಧನ ಕಡಿಮೆ, ಸಣ್ಣ ರನ್‌ವೇ ಸಾಕು, ಕೂರುವವರು ನಲವತ್ತಕ್ಕೂ ಹೆಚ್ಚು. ಮೊದಲ ಬಾರಿಗೆ ವಿಮಾನ ಹತ್ತಿದ ಅಸಂಖ್ಯ ಕುಟುಂಬಗಳು ಹತ್ತಿದುದು ಆ ವಿಮಾನಗಳನ್ನು. ೨೦೦೮ರಲ್ಲಿ ಆ ಸಂಸ್ಥೆ ಬೇರೊಂದರಲ್ಲಿ ವಿಲೀನವಾದರೂ ಅದು ತೆರೆದ ದಾರಿ ಮುಚ್ಚಲಿಲ್ಲ.

೨೦೧೭ರಲ್ಲಿ ಮೊದಲ ವಿಮಾನ ಹಾರಿದ ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆ ಆ ದಾರಿಯ ಮುಂದುವರಿಕೆ. ಸುಮಾರು ಒಂದು ಗಂಟೆಯ ಹಾರಾಟಕ್ಕೆ, ವಿಮಾನದ ಒಂದು ಪಾಲು ಆಸನಗಳಿಗೆ, ೨,೫೦೦ ರೂಪಾಯಿಯ ಮಿತಿಯನ್ನು ಅದು ಆರಂಭದಲ್ಲಿ ಗೊತ್ತುಪಡಿಸಿತು. ೨೦೧೯ರ ನವೆಂಬರಿನಲ್ಲಿ ಕಲಬುರಗಿಯ ನಿಲ್ದಾಣ, ೨೦೨೦ರ ಫೆಬ್ರವರಿಯಲ್ಲಿ ಬೀದರಿನ ವಿಮಾನ ಸೇವೆ, ೨೦೨೩ರ ಫೆಬ್ರವರಿಯಲ್ಲಿ ಶಿವಮೊಗ್ಗೆಯ ನಿಲ್ದಾಣ ಉದ್ಘಾಟನೆಗೊಂಡವು. ಬೀದರಿನಂಥ ಕಡೆ ಸೇವೆ ನಿಂತುದೂ ಮತ್ತೆ ಆರಂಭವಾದುದೂ ಉಂಟು. ನಿಲ್ದಾಣ ಕಟ್ಟುವುದು ಸುಲಭ, ಆಸನ ತುಂಬುವುದು ಕಷ್ಟ ಎಂಬುದಕ್ಕೆ ಫ್ಲಾರಿಡಾದವರೆಗೆ ಹೋಗಬೇಕಾಗಿಲ್ಲ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ನಮ್ಮ ಸಣ್ಣ ಊರುಗಳಿಗೆಂದೇ ೧೪ ಆಸನಗಳ ‘ಸಾರಸ್’ ವಿಮಾನವನ್ನು ರೂಪಿಸಿತು. ೨೦೦೪ರ ಮೇ ೨೯ರಂದು ಅದು ಮೊದಲು ಹಾರಿತು. ೨೦೦೯ರ ಮಾರ್ಚ್ ೬ರಂದು ಬಿಡದಿಯ ಬಳಿ ಪರೀಕ್ಷಾ ಹಾರಾಟದಲ್ಲಿ ಅದರ ಎರಡನೆಯ ಮಾದರಿ ಪತನಗೊಂಡು, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ತೆತ್ತರು. ಸುಧಾರಿಸಿದ ಮಾದರಿ ೨೦೧೮ರ ಜನವರಿಯಲ್ಲಿ ಮತ್ತೆ ಹಾರಿತು. ಮುಂದಿನದು ೧೯ ಆಸನಗಳದಾಗಬೇಕೆಂಬುದು ಯೋಜನೆ. ಅಗ್ಗದ ಪಯಣವೆಂಬ ಮಾತಿನ ಹಿಂದೆ ಇಂಥ ತ್ಯಾಗಗಳೂ ಇವೆಯೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಸಾಕೆಂಬ ಅಳತೆ

ಕೊನೆಯದಾಗಿ ಒಂದು ವಿಚಾರ. ಯಾವುದೇ ವಸ್ತು ಅಗ್ಗವಾಯಿತೆಂದೊಡನೆ ಅದು ನಮಗೆ ಬೇಕಾಯಿತೆಂದು ಅರ್ಥವಲ್ಲ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಅಕ್ಕಿಗೆ ಬೆಲೆ ಕೊಡಬೇಕಾಗಿರಲಿಲ್ಲ, ಬಿಟ್ಟಿಯಾಗಿಯೇ ದೊರೆತಿತ್ತು. ಆ ತಾಯಿ ಅಳೆದುದು ಬೆಲೆಯನ್ನಲ್ಲ, ಅಗತ್ಯವನ್ನು.

ಈ ಅಳತೆಯಿಂದ ನೋಡಿದರೆ ಪುಟ್ಟ ವಿಮಾನಗಳ ಯೋಗ್ಯ ಸ್ಥಾನ ತಾನಾಗಿ ತೋರುತ್ತದೆ. ಒಬ್ಬನು ಸಭೆಗೆ ಒಂದು ಗಂಟೆ ಮೊದಲು ತಲುಪಲೆಂದು ಉರಿಸುವ ಇಂಧನ, ತಲೆಗೆ ಲೆಕ್ಕ ಹಾಕಿದರೆ, ತುಂಬಿದ ದೊಡ್ಡ ವಿಮಾನದ ಪ್ರಯಾಣಿಕನದಕ್ಕಿಂತ ಅನೇಕ ಪಟ್ಟು. ಅದರ ಹೊಗೆಯನ್ನು ಉಸಿರಾಡುವವರು ವಿಮಾನ ಹತ್ತದವರೂ ಹೌದು. ಆದರೆ ಅದೇ ವಿಮಾನ ದೂರದ ಊರಿನ ಹೃದ್ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಹೊತ್ತು ತಂದರೆ, ದಾನಿಯೊಬ್ಬರ ಅಂಗವನ್ನು ವೇಳೆ ಮೀರುವ ಮುನ್ನ ಮತ್ತೊಂದು ನಗರಕ್ಕೆ ಮುಟ್ಟಿಸಿದರೆ, ಒಂದು ಗಂಟೆಯ ಬೆಲೆ ಒಂದು ಜೀವದ ಬೆಲೆಯಾಗುತ್ತದೆ. ವಿಮಾನದ ಬೆಲೆ ಇಳಿದುದರ ಪುಣ್ಯ ಮೊದಲು ಸಲ್ಲಬೇಕಾದುದು ಅಂಥವರಿಗೆ. ನಮ್ಮ ಮಠಗಳು ಆಸ್ಪತ್ರೆಗಳನ್ನೂ ವೈದ್ಯಕೀಯ ಕಾಲೇಜುಗಳನ್ನೂ ಕಟ್ಟಿ ನಡೆಸುತ್ತ ಬಂದಿವೆ. ಜಿಲ್ಲೆಗೊಂದು ರನ್‌ವೇ ಬರುತ್ತಿರುವ ಈ ಕಾಲದಲ್ಲಿ ಹತ್ತಾರು ಆಸ್ಪತ್ರೆಗಳು ಕೂಡಿ ಒಂದು ರೋಗಿವಾಹಕ ವಿಮಾನವನ್ನು ಸರದಿಯ ಮೇಲೆ ಹಂಚಿಕೊಳ್ಳುವ ಯೋಚನೆ ಅಸಾಧ್ಯವಾದುದೇನಲ್ಲ. ಪಾಲುಗಾರಿಕೆಯ ಲೆಕ್ಕವನ್ನು ಸಿರಿವಂತರು ತಮ್ಮ ಸುಖಕ್ಕಾಗಿ ಕಂಡುಕೊಂಡರು. ದಾಸೋಹದ ಪರಂಪರೆಯವರು ಅದನ್ನೇ ಜೀವ ಉಳಿಸುವುದಕ್ಕಾಗಿ ಬಳಸಬಾರದೇಕೆ? ಬಲ್ಲವರೂ ಉಳ್ಳವರೂ ಈ ಕುರಿತು ವಿಚಾರಿಸಲಿ ಎಂಬುದು ನಮ್ಮ ಬಿನ್ನಹ.